ಕರೆಂಟು ಮುಗಿದ ಮೇಲಿನ ಹನ್ನೆರಡು ವಾರ

ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 7 ವಾರ, ಒಟ್ಟು 35 ಸಿಟ್ಟಿಂಗ್. ಮುಖ, ಕುತ್ತಿಗೆಯ ಅಳತೆಗೆ ಮಾಡಿದ ಪ್ಲಾಸ್ಟಿಕ್ ಜಾಲರಿಯ ಮಾಸ್ಕ್ ಬಿಗಿದು ಮಲಗಿಸಿ, ದಿನಕ್ಕೆ 2 ಗ್ರೇಯಂತೆ ಒಟ್ಟು 70 ಗ್ರೇ ವಿಕಿರಣ ಕೊಡುತ್ತಾರೆ. ಜೊತೆಗೆ ಹಲವರಿಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ. ಹಳ್ಳಿ ಕಡೆ ಇದನ್ನೇ ‘ಕರೆಂಟು ಕೊಡಿಸೋದು’ ಅನ್ನುತ್ತಾರೆ. ಮೂವತ್ತೈದನೆಯ ಕರೆಂಟು ಮುಗಿದ ದಿನ ಮನೆಯವರೆಲ್ಲ ‘ಅಂತೂ ಮುಗೀತಪ್ಪ’ ಎಂದು ಉಸಿರು ಬಿಡುತ್ತಾರೆ.

ರೋಗಿಯ ಅತಿ ಕೆಟ್ಟ ದಿನಗಳು ಬರುವುದು ಆಮೇಲೆ. ಬಾಯಿಹುಣ್ಣು, ಅಂಟು ಅಂಟಾದ ಲೋಳೆ, ಎಂಜಲು ನುಂಗಿದರೂ ಕಣ್ಣಲ್ಲಿ ನೀರು ಬರುವಂಥ ನೋವು, ಇವೆಲ್ಲ ವಿಪರೀತಕ್ಕೆ ಹೋಗುವುದು ಕೊನೆಯ ಸಿಟ್ಟಿಂಗ್ ಆದ ಒಂದೆರಡು ವಾರದಲ್ಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ರಾಯಚೂರಿನ ಬಸ್ಸು ಹತ್ತಿದವರಿಗೆ ಆ ಹೊತ್ತಿಗೆ ಡಾಕ್ಟರೂ ದೂರ, ನರ್ಸೂ ದೂರ. ‘ಕರೆಂಟು ಮುಗಿದು ತಿಂಗಳಾಯ್ತಲ್ಲ, ಇನ್ನೂ ಗಂಜೀನೇ ಕುಡೀತಿದ್ದೀರಾ?’ ಎಂದು ಕೇಳುವ ನೆಂಟರು ಮಾತ್ರ ಹತ್ತಿರ.

ವಿಕಿರಣ ಜೀವಕೋಶವನ್ನು ಅಲ್ಲೇ ಸುಟ್ಟುಹಾಕುವುದಿಲ್ಲ. ಕೋಶದೊಳಗಿನ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ, ಅಷ್ಟೆ. ಪೆಟ್ಟು ತಿಂದ ಕೋಶ ಮೇಲ್ನೋಟಕ್ಕೆ ಎಂದಿನಂತೆಯೇ ಇರುತ್ತದೆ. ಮುಂದೆ ಒಡೆದು ಎರಡಾಗಲು ಹೊರಟಾಗ, ಹರಿದ ಎಳೆಗಳನ್ನು ಸರಿಯಾಗಿ ಪಾಲು ಮಾಡಲಾಗದೆ ಸಾಯುತ್ತದೆ. ಒಂದೆರಡು ಸಲ ಒಡೆದು, ಆಮೇಲೆ ಸಾಯುವಂಥವೂ ಇವೆ. ಬಾಯಿಯ ಒಳಪದರದ ತಳಕೋಶಗಳು ಬೇಗ ಬೇಗ ಒಡೆಯುವಂಥವು, ಹಾಗಾಗಿ ಎರಡು-ಮೂರನೆಯ ವಾರಕ್ಕೇ ಹುಣ್ಣು ಶುರು. ಮತ್ತೆ ಹೊಸ ಪದರ ಬರಬೇಕಾದರೆ ಅಳಿದುಳಿದ ತಳಕೋಶಗಳು ಮೊದಲು ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ.

ಗಡ್ಡೆಯ ಕೋಶಗಳು ಸಾಯುವುದೂ ಹೀಗೆಯೇ, ಕಂತು ಕಂತಾಗಿ. ಯಂತ್ರ ನಿಂತು ವಾರಗಟ್ಟಲೆ ಆದ ಮೇಲೂ ಗಡ್ಡೆ ಕರಗುತ್ತಲೇ ಇರುತ್ತದೆ. ರೋಗಿಯನ್ನು ಕಾಡುವ ನಿಧಾನಕ್ಕೂ ರೋಗ ಸಾಯುವ ನಿಧಾನಕ್ಕೂ ಮೂಲ ಒಂದೇ. ಇದನ್ನು ಬಿಡುಗಡೆಯ ದಿನವೇ ಎರಡು ಮಾತಿನಲ್ಲಿ ಹೇಳಿ ಕಳಿಸಿದರೆ ಎಷ್ಟೋ ಮನೆಗಳ ಗಾಬರಿ ತಪ್ಪುತ್ತದೆ.

‘ಗಡ್ಡೆ ಹೋಯ್ತೋ ಇಲ್ಲವೋ, ಈಗಲೇ ಸ್ಕ್ಯಾನ್ ಮಾಡಿ ಹೇಳಿಬಿಡಿ ಸಾರ್’ ಎಂದು ಕೇಳದ ಮನೆಯವರಿಲ್ಲ. ಡಾಕ್ಟರು ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಚೀಟಿ ಬರೆಯುತ್ತಾರೆ. ಇದು ಅಸಡ್ಡೆಯಲ್ಲ. ಪೆಟ್ ಸ್ಕ್ಯಾನಿಗೆ ಮುಂಚೆ, ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಅದನ್ನು ಹೆಚ್ಚು ಹೀರಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಹೀರುತ್ತದೆ, ನಿಜ. ಆದರೆ ಮಾಯುತ್ತಿರುವ ಗಾಯಕ್ಕೆ ಮುತ್ತಿಕೊಂಡ ಬಿಳಿ ರಕ್ತಕಣಗಳೂ ಹೀರುತ್ತವೆ. ನಾಲ್ಕೇ ವಾರಕ್ಕೆ ಸ್ಕ್ಯಾನ್ ಮಾಡಿಸಿದರೆ ಇಡೀ ಗಂಟಲು ಹೊಳೆದು, ಇಲ್ಲದ ರೋಗ ಇದೆ ಅನ್ನಿಸಬಹುದು.

ಮೊದಲೆಲ್ಲ ಈ ಅನುಮಾನದ ಕಾಟವೇ ಬೇಡವೆಂದು, ಕುತ್ತಿಗೆಯ ಗ್ರಂಥಿಗಳಿಗೆ ರೋಗ ಹೆಚ್ಚಾಗಿ ಹಬ್ಬಿದ್ದವರಿಗೆ ಚಿಕಿತ್ಸೆಯ ಜೊತೆಗೆ ಆಪರೇಷನ್ ಮಾಡಿ ಗ್ರಂಥಿಗಳನ್ನು ತೆಗೆದುಬಿಡುತ್ತಿದ್ದರು. ಅದು ಬೇಕೇ ಎಂದು ಬ್ರಿಟನ್ನಿನಲ್ಲಿ 564 ರೋಗಿಗಳ ಮೇಲೆ ಪೆಟ್-ನೆಕ್ ಎಂಬ ಪ್ರಯೋಗ ನಡೆಯಿತು. ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ಅರ್ಧ ಜನಕ್ಕೆ ಹಳೆಯ ಪದ್ಧತಿಯಂತೆ ಆಪರೇಷನ್. ಉಳಿದರ್ಧಕ್ಕೆ 12 ವಾರ ಕಾದು ಸ್ಕ್ಯಾನ್, ಅನುಮಾನವಿದ್ದರೆ ಮಾತ್ರ ಕತ್ತಿ. ಮೊದಲ ಗುಂಪಿನಲ್ಲಿ 221 ಆಪರೇಷನ್ ಆದರೆ, ಕಾದವರ ಗುಂಪಿನಲ್ಲಿ ಆದದ್ದು 54. ಎರಡು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 81.5, ಕಾದವರಲ್ಲಿ ಶೇ. 84.9. ಕಾದದ್ದರಿಂದ ಜೀವಕ್ಕೆ ಹೆಚ್ಚಿನ ಅಪಾಯವಾಗಲಿಲ್ಲ, ನೂರಾರು ಕುತ್ತಿಗೆಗಳು ಕತ್ತಿಯಿಂದ ತಪ್ಪಿಸಿಕೊಂಡವು.

ಹಾಗಂತ 12 ವಾರಕ್ಕೆ ಎಲ್ಲರಿಗೂ ಸ್ಪಷ್ಟ ಉತ್ತರ ಸಿಗುತ್ತದೆಂದಲ್ಲ. ಹೌದೂ ಅಲ್ಲದ, ಇಲ್ಲವೂ ಅಲ್ಲದ ರಿಪೋರ್ಟು ಬಂದು, ಮತ್ತಷ್ಟು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಬೇಕಾಗಬಹುದು. ಈ ರೋಗ ಮರುಕಳಿಸಿದರೆ ಬಹುಪಾಲು ಮೊದಲ 2 ವರ್ಷದಲ್ಲೇ. ಆದ್ದರಿಂದಲೇ ಆ ಅವಧಿಯಲ್ಲಿ ಪದೇ ಪದೇ ತಪಾಸಣೆಗೆ ಕರೆಯುವುದು. ಈ ಅನಿಶ್ಚಿತತೆಗೆ ಮದ್ದಿಲ್ಲ, ತಾರೀಕು ತಪ್ಪಿಸದಿರುವುದೊಂದೇ ದಾರಿ.

ಇನ್ನು ಊಟದ ಮಾತು. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಕಿವಿಯ ಕೆಳಗಿನ ಜೊಲ್ಲುಗ್ರಂಥಿಗಳು ವಿಕಿರಣಕ್ಕೆ ಸಿಕ್ಕರೆ ಅದು ಬತ್ತುತ್ತದೆ. ಮುದ್ದೆ ಅಗಿಯದೆ ನುಂಗುವ ಊಟ ನಿಜ, ಆದರೆ ಒಣಗಿದ ಗಂಟಲಲ್ಲಿ ಸಾರಲ್ಲಿ ಅದ್ದಿದ ತುತ್ತೂ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಸಾರಿನ ಖಾರವಂತೂ ಬೆಂಕಿ. ಈಗಿನ ಐಎಂಆರ್‌ಟಿ ವಿಧಾನದಲ್ಲಿ ಈ ಗ್ರಂಥಿಗಳನ್ನು ಆದಷ್ಟು ತಪ್ಪಿಸಿ ವಿಕಿರಣ ಹಾಯಿಸುತ್ತಾರೆ. ಹಾಗೆ ಉಳಿದುಕೊಂಡರೂ ಜೊಲ್ಲು ಚೇತರಿಸಿಕೊಳ್ಳಲು ಒಂದೆರಡು ವರ್ಷ ಬೇಕಾದೀತು, ಕೆಲವರಿಗೆ ಪೂರ್ತಿ ಬಾರದೆಯೂ ಇದ್ದೀತು. ರುಚಿ ಮರಳಲು ತಿಂಗಳುಗಳು ಬೇಕು.

ಆದರೆ ಎಲ್ಲವನ್ನೂ ಕಾಲಕ್ಕೆ ಬಿಡುವಂತಿಲ್ಲ. ವಿಕಿರಣ ಬಿದ್ದ ಸ್ನಾಯು ಕೆಲಸವಿಲ್ಲದೆ ಕೂತರೆ ನಾರುಗಟ್ಟಿ ಬಿಗಿಯುತ್ತದೆ. ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಹೋಗುತ್ತಿದ್ದರೂ, ಡಾಕ್ಟರು ಬೇಡ ಎನ್ನದಿದ್ದರೆ, ಬಾಯಿಂದ ಗುಟುಕು ಗುಟುಕಾಗಿ ನೀರು ನುಂಗುತ್ತಿರಬೇಕು. ಬಾಯಿ ತೆರೆಯುವ ವ್ಯಾಯಾಮವನ್ನು, ಬೇಜಾರಾದರೂ, ದಿನವೂ ಮಾಡಲೇಬೇಕು. ಜ್ವರ ಬಂದರೆ, ನೀರೂ ಇಳಿಯದಿದ್ದರೆ, ಬಾಯಿಂದ ರಕ್ತ ಬಂದರೆ ಆಸ್ಪತ್ರೆಯ ಚೀಟಿಯ ತಾರೀಕಿಗೆ ಕಾಯಬಾರದು, ಅಂದೇ ಹೋಗಬೇಕು.

ತಿಂಗಳುಗಳು ಕಳೆದರೂ ಸುಸ್ತು ಬಿಡದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ; ಕುತ್ತಿಗೆಗೆ ಬಿದ್ದ ವಿಕಿರಣ ಆ ಗ್ರಂಥಿಯನ್ನೂ ಕುಗ್ಗಿಸಬಹುದು, ಅದಕ್ಕೆ ದಿನಕ್ಕೊಂದು ಮಾತ್ರೆ ಸಾಕು. ಹಲ್ಲು ಕೀಳಿಸುವ ಪ್ರಸಂಗ ಬಂದರೆ, ಚಿಕಿತ್ಸೆ ಮುಗಿದು ಎಷ್ಟೇ ವರ್ಷವಾಗಿರಲಿ, ದವಡೆಗೆ ರೇಡಿಯೇಶನ್ ಆಗಿದೆ ಎಂದು ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಅಂಥ ದವಡೆಮೂಳೆಯ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ.