ಹೊಸ ಲಾರಿಯ ವಿನ್ಯಾಸ: ಸ್ಟೇರಿಂಗ್ ಹಿಡಿದವರ ತೀರ್ಪು

ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಂದ ಹೊರಟ ಟ್ರೇಲರ್ ಲಾರಿಗಳು ಹೆದ್ದಾರಿಯಲ್ಲಿ ಹುನಗುಂದದ ಕಡೆಗೋ ಕುಷ್ಟಗಿಯ ಕಡೆಗೋ ಸಾಗುವುದನ್ನು ಈ ಭಾಗದ ಮಕ್ಕಳೆಲ್ಲ ಕಂಡಿದ್ದಾರೆ. ಮೇಲೆ ಕುಳಿತ ಕೆಂಪು ಕಲ್ಲಿನ ದಿಮ್ಮಿಯ ತೂಕವನ್ನು ಎಷ್ಟು ಜನ ಲೆಕ್ಕ ಹಾಕಿದ್ದಾರೋ ತಿಳಿಯದು. 3 ಮೀಟರ್ ಉದ್ದ, 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ದಿಮ್ಮಿಯ ಘನಫಲ 9 ಘನ ಮೀಟರ್. ಗ್ರಾನೈಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2.7 ಟನ್. ಗುಣಿಸಿ ನೋಡಿ, 24 ಟನ್ ದಾಟುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಮಿತಿ ಹೆಚ್ಚಿಸಿದ ಮೇಲೆ ಇಂಥ ಟ್ರೇಲರುಗಳ ಒಟ್ಟು ತೂಕ 55 ಟನ್ನಿನವರೆಗೂ ಇರಬಹುದು.

ಇಷ್ಟು ಭಾರವನ್ನು ಎಳೆಯುವ ಹೊಸ ಮಾದರಿಯ ಲಾರಿಗಳು ಹೇಗಿವೆ ಎಂದು ಚಾಲಕರನ್ನು ಕೇಳಿದರೆ ಅವರು ಮೊದಲು ಹೇಳುವುದು ಎಂಜಿನ್ನಿನ ಬಲವನ್ನಲ್ಲ, ಬ್ರೇಕನ್ನು. ಚಕ್ಕಡಿ ಹೂಡುವ ರೈತನಿಗೆ ಇದರ ಮರ್ಮ ಗೊತ್ತು. ಹೇರು ಮುಂದಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂದಾದರೆ ನೊಗವೇ ಮೇಲೇಳುತ್ತದೆ. ಟ್ರೇಲರಿನ ಮುಂಭಾಗವೂ ಎಳೆಯುವ ಗಾಡಿಯ ಬೆನ್ನ ಮೇಲಿನ ಗ್ರೀಸ್ ಹಚ್ಚಿದ ತಟ್ಟೆಯ ಮೇಲೆ ಹೀಗೆಯೇ ಕೂಡುತ್ತದೆ. ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ ಎಳೆಯುವ ಗಾಡಿಯ ಚಕ್ರಗಳು ಉರುಳದೆ ಜಾರತೊಡಗಿದರೆ, ಜಡತ್ವದಿಂದ ಮುನ್ನುಗ್ಗುವ ಟ್ರೇಲರ್ ಅದನ್ನು ತಳ್ಳಿ, ಎರಡೂ ಸೇರಿ ಚೂರಿಯಂತೆ ಮಡಚಿಕೊಳ್ಳುತ್ತವೆ. ಚಕ್ರ ಜಾರದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಹಿಡಿದು ಬಿಡುವ ಎ.ಬಿ.ಎಸ್. ವ್ಯವಸ್ಥೆ 2015ರಿಂದ ಹೊಸ ಭಾರಿ ವಾಹನಗಳಿಗೆ ಕಡ್ಡಾಯವಾಗಿದೆ. ಹಳೆಯ ಚಾಲಕರು ಮನಸಾರೆ ಹೊಗಳುವ ಬದಲಾವಣೆ ಇದು.

ಆದರೆ ಮಾತು ಕ್ಯಾಬಿನ್ನಿಗೆ ಬಂದಾಗ ಅವರ ಮೆಚ್ಚುಗೆ ಅಷ್ಟು ಸರಳವಾಗಿ ಉಳಿಯುವುದಿಲ್ಲ.

1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಟಾಟಾ ಕಂಪನಿ ಲಾರಿ ತಯಾರಿಸತೊಡಗಿತು. ಆ ಸಹಯೋಗ 1969ರಲ್ಲೇ ಮುಗಿದರೂ 'ಬೆಂಜ್ ಲಾರಿ' ಎಂಬ ಹೆಸರು ಬಹುಕಾಲ ಉಳಿಯಿತು. ಆ ದಿನಗಳಲ್ಲಿ ಕಾರ್ಖಾನೆಯಿಂದ ಬರುತ್ತಿದ್ದುದು ಹೆಚ್ಚಾಗಿ ಬರಿಯ ಚಾಸಿ. ಕ್ಯಾಬಿನ್ ಕಟ್ಟುವವನು ಊರಿನ ಬಾಡಿ ಬಿಲ್ಡರ್. ಮರದ ಚೌಕಟ್ಟು, ಮೇಲೆ ತಗಡು, ಹಿಂದೆ ಮಲಗಲು ಹಲಗೆ, ಎದುರಿಗೆ ದೇವರ ಪಟ. ಚಾಲಕ ಪಕ್ಕದಲ್ಲೇ ನಿಂತು ಹಲಗೆಯ ಅಳತೆ ಹೇಳಬಹುದಿತ್ತು. ಮುಂದೆ ಮೂತಿಯಿಲ್ಲದ ಚಪ್ಪಟೆ ಲಾರಿಗಳು ಬಂದಾಗ ಎಂಜಿನ್ ಚಾಲಕನ ಎಡಕ್ಕೇ ಬಂದು ಕುಳಿತಿತು. ಎಡಗಾಲು ಬೆಂದುಹೋಗುತ್ತದೆ ಎನ್ನುವುದು ಅಂದಿನವರ ಸಾಮಾನ್ಯ ದೂರು.

ಮರದ ಕ್ಯಾಬಿನ್ ಅಪಘಾತದಲ್ಲಿ ಚೂರುಚೂರಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಆ ದೃಷ್ಟಿಯಿಂದ ಇಂದಿನ ಉಕ್ಕಿನ ಕ್ಯಾಬಿನ್ ನಿಸ್ಸಂದೇಹವಾಗಿ ಮೇಲು. ಆದರೆ ಉಕ್ಕಿನ ಉಷ್ಣವಾಹಕತೆ ಮರದ್ದಕ್ಕಿಂತ ಕೆಲವು ನೂರು ಪಟ್ಟು ಹೆಚ್ಚು. ಒಳಗೆ ಶಾಖ ತಡೆಯುವ ಹೊದಿಕೆ ಇದ್ದರೂ ಮುಂದಿನ ದೊಡ್ಡ ಗಾಜಿನಿಂದ ಬಿಸಿಲು ನೇರ ಒಳಬರುತ್ತದೆ. ಗಾಜನ್ನು ದಾಟಿ ಬಂದ ಬೆಳಕು ಸೀಟನ್ನು ಕಾಯಿಸುತ್ತದೆ. ಕಾದ ಸೀಟಿನ ಶಾಖ ಮಾತ್ರ ಅಷ್ಟು ಸುಲಭವಾಗಿ ಗಾಜು ದಾಟಿ ಹೊರಹೋಗದು. ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವಾಗ ಮುಚ್ಚಿದ ಕ್ಯಾಬಿನ್ನಿನ ಸ್ಥಿತಿಯನ್ನು ಊಹಿಸಬಹುದು.

ಇದಕ್ಕೆಂದೇ ಕೇಂದ್ರ ಸರ್ಕಾರ 2023ರಲ್ಲಿ ಅಧಿಸೂಚನೆ ಹೊರಡಿಸಿ, 2025ರಿಂದ ಹೊಸ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿತು. ಒಳ್ಳೆಯ ಕ್ರಮವೇ. ಓಡುವ ಲಾರಿಯಲ್ಲಿ ಅದರ ಸುಖವನ್ನು ಯಾವ ಚಾಲಕನೂ ಅಲ್ಲಗಳೆಯುವುದಿಲ್ಲ. ಅವರ ಪ್ರಶ್ನೆ ಇರುವುದು ನಿಂತ ಲಾರಿಯದು. ಕ್ವಾರಿಯಲ್ಲಿ ದಿಮ್ಮಿ ಏರಿಸುವವರೆಗೆ, ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ, ಬಂದರಿನ ಸಾಲಿನಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಎ.ಸಿ.ಯ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ಆರಿದರೆ ತಂಪು ನಿಂತಿತು. ಹೊತ್ತಿಸಿಟ್ಟರೆ ಡೀಸೆಲ್ ಖರ್ಚು, ಅದರ ಲೆಕ್ಕವನ್ನು ಮಾಲೀಕನಿಗೆ ಒಪ್ಪಿಸಬೇಕು. ಹೀಗಾಗಿ ರಾತ್ರಿಯಿಡೀ ಓಡಿಸಬೇಕಾದವನು ಹಗಲು ಸರಿಯಾಗಿ ನಿದ್ದೆ ಮಾಡಲಾರ. ಕೆಲವರು ಲಾರಿಯ ಅಡಿಯ ನೆರಳಿನಲ್ಲೇ ಚಾಪೆ ಹಾಸುತ್ತಾರೆ. ಯಾರೂ ನೋಡದೆ ಲಾರಿ ಕದಲಿಸಿದರೆ ಗತಿಯೇನು? ಯುರೋಪಿನ ದೂರಪ್ರಯಾಣದ ಟ್ರಕ್ಕುಗಳಿಗೆ ನಿಂತಾಗಲೂ ಬ್ಯಾಟರಿಯಿಂದ ನಡೆಯುವ ತಂಪು ಯಂತ್ರಗಳು ದೊರೆಯುತ್ತವೆ. ಇಲ್ಲಿನ ಬಿಸಿಲಿಗೆ ಅವು ಇನ್ನಷ್ಟು ಅಗತ್ಯ.

ಉಳಿದ ದೂರುಗಳು ಚಿಕ್ಕವು, ಆದರೆ ಕೇಳತಕ್ಕವು. ಚಪ್ಪಟೆ ಮುಖದಿಂದ ರಸ್ತೆ ಚೆನ್ನಾಗಿ ಕಾಣುತ್ತದಾದರೂ, ಬಾದಾಮಿಯ ಪೇಟೆಯಂಥ ಇಕ್ಕಟ್ಟಿನಲ್ಲಿ ಎಡಮುಂಭಾಗಕ್ಕೆ ಅಂಟಿಕೊಂಡು ಬರುವ ಸೈಕಲ್ ಎತ್ತರದ ಸೀಟಿಗೆ ಕಾಣುವುದಿಲ್ಲ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ ತಂದೆತಾಯಿ ಇದನ್ನು ಹೇಳಿಕೊಡಬೇಕು: ಲಾರಿಯ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಎಂಜಿನ್ ನೋಡಲು ಇಡೀ ಕ್ಯಾಬಿನ್ನನ್ನೇ ಮುಂದಕ್ಕೆ ಬಗ್ಗಿಸುವ ಏರ್ಪಾಡಂತೂ ಮಿಸ್ತ್ರಿಗೆ ಅನುಕೂಲ. ಚಾಲಕ ಮಾತ್ರ ಮೊದಲು ಸ್ಟೋವು, ಪಾತ್ರೆ, ನೀರಿನ ಕ್ಯಾನು ಎಲ್ಲವನ್ನೂ ಕೆಳಗಿಳಿಸಬೇಕು.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಅನೇಕ ಲಾರಿಗಳಲ್ಲಿ ಡೀಸೆಲ್ಲಿನ ಜೊತೆ ಯೂರಿಯಾ ದ್ರಾವಣದ ಇನ್ನೊಂದು ಟ್ಯಾಂಕು ಇದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ಅದು ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ಊರಿನ ಗಾಳಿಗೆ ಒಳ್ಳೆಯದು. ಆದರೆ ದ್ರಾವಣ ಮುಗಿದರೆ ಅಥವಾ ಸೆನ್ಸರ್ ಕೆಟ್ಟರೆ ಎಂಜಿನ್ ತಾನಾಗಿ ಬಲ ಕುಗ್ಗಿಸಿಕೊಳ್ಳುತ್ತದೆ. ಸ್ಪಾನರ್ ಹಿಡಿದ ಹೆದ್ದಾರಿ ಬದಿಯ ಮಿಸ್ತ್ರಿ ಅದಕ್ಕೆ ಏನೂ ಮಾಡಲಾರ. ಕಂಪ್ಯೂಟರ್ ಹೊತ್ತ ಕಂಪನಿಯ ಮೆಕ್ಯಾನಿಕ್ ಬರುವವರೆಗೆ ಹೊತ್ತ ದಿಮ್ಮಿಯೊಡನೆ ಬಿಸಿಲಿನಲ್ಲಿ ಕಾಯಬೇಕು, ಎ.ಸಿ. ಇಲ್ಲದೆ.