ಮಾಹಿತಿಯ ಸ್ಥಳಾಂತರ

ಒಂದು ಕೊಡದ ನೀರನ್ನು ಇನ್ನೊಂದಕ್ಕೆ ಸುರಿದರೆ ನೀರು ನೀರಾಗಿಯೇ ಉಳಿಯುತ್ತದೆ. ಗಣಕಯಂತ್ರದಲ್ಲಿ ಡೇಟಾಬೇಸ್ ಎಂಬ ಮಾಹಿತಿಕೋಶವೊಂದರಿಂದ ಇನ್ನೊಂದಕ್ಕೆ ಮಾಹಿತಿಯನ್ನು ಸಾಗಿಸುವುದೂ ಅಷ್ಟೇ ಸುಲಭವೆಂದು ಹಲವರು ಬಗೆಯುತ್ತಾರೆ. ವಾಸ್ತವವಾಗಿ ಅದು ಗ್ರಂಥವೊಂದನ್ನು ಅನುವಾದಿಸುವ ಕಾರ್ಯಕ್ಕೆ ಸಮೀಪವಾದುದು.

ನಿಮ್ಮ ತರಗತಿಯ ಹಾಜರಿ ಪುಸ್ತಕದಂತೆ ಸಾಲುಗಳಿಂದ ಕೂಡಿದ ಕೋಷ್ಟಕಗಳಲ್ಲಿ ಮಾಹಿತಿಯನ್ನಿರಿಸಿ, ಅವುಗಳನ್ನು ಪರಸ್ಪರ ಸಂಬಂಧಿಸುವ ಕ್ರಮವನ್ನು 1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬವರು ಪ್ರತಿಪಾದಿಸಿದರು. ಇಂತಹ ಕೋಶವನ್ನು ಪ್ರಶ್ನಿಸುವ ಭಾಷೆಯೇ ಎಸ್‌ಕ್ಯೂಎಲ್. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು 1974ರಲ್ಲಿ ಪ್ರಕಟಿಸಿದ ಈ ಭಾಷೆಗೆ 1986ರಲ್ಲಿ ಅಮೆರಿಕದಲ್ಲಿ ಪ್ರಮಾಣರೂಪವೂ ದೊರೆಯಿತು. ಆದರೂ ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಭೇದವಿರುವಂತೆ, ಒರೇಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೊದಲಾದವುಗಳ ನುಡಿಯಲ್ಲಿ ಭೇದಗಳು ಉಳಿದುಕೊಂಡಿವೆ.

ಕೆಲವು ಭೇದಗಳು ಕೂಡಲೇ ಬಯಲಾಗುತ್ತವೆ. ಮೊದಲ ಹತ್ತು ಸಾಲುಗಳು ಮಾತ್ರ ಬೇಕೆಂದು ಹೇಳಲು ಪೋಸ್ಟ್‌ಗ್ರೆಸ್‌ನಲ್ಲಿ ‘ಲಿಮಿಟ್’ ಎಂಬ ಪದವುಂಟು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಆ ಪದವನ್ನು ಒಪ್ಪದು. ಅಲ್ಲಿ ‘ಟಾಪ್’ ಎನ್ನಬೇಕು. ಯಂತ್ರವೇ ತಪ್ಪನ್ನು ತೋರಿಸುವುದರಿಂದ ತಿದ್ದುವುದು ಕಷ್ಟವಲ್ಲ.

ಮೌನವಾಗಿ ಅರ್ಥವನ್ನು ಕೆಡಿಸುವ ಭೇದಗಳೇ ಅಪಾಯಕರ. ಜೋಡಿ ನಿಲುಗೆರೆಯ ಚಿಹ್ನೆಯು ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಪದಗಳನ್ನು ಕೂಡಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಅದಕ್ಕೆ ‘ಅಥವಾ’ ಎಂದರ್ಥ; ಹೆಸರಿಗೆ ಅಡ್ಡಹೆಸರನ್ನು ಕೂಡಿಸಹೋದವನಿಗೆ ಸೊನ್ನೆ ದೊರೆಯುತ್ತದೆ! ಹಾಗೆಯೇ, ‘ದೂರವಾಣಿ ಇಲ್ಲ’ವೆಂದು ತಿಳಿದು ಬರಿದಾಗಿ ಬಿಟ್ಟ ಸ್ಥಳವೂ ‘ಇನ್ನೂ ತಿಳಿದಿಲ್ಲ’ವೆಂಬ ಸ್ಥಳವೂ ಪೋಸ್ಟ್‌ಗ್ರೆಸ್‌ನಲ್ಲಿ ಬೇರೆಬೇರೆ. ಒರೇಕಲ್ ಇವೆರಡನ್ನೂ ಒಂದೇ ಎಂದೆಣಿಸುವುದರಿಂದ, ಅಲ್ಲಿಗೆ ಸಾಗಿಸಿದೊಡನೆ ಆ ವ್ಯತ್ಯಾಸವು ಅಳಿದುಹೋಗುತ್ತದೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ‘ಸರಸ್ವತಿ’ ಎಂಬ ಹೆಸರಿನಲ್ಲಿ ಒತ್ತಕ್ಷರದ ಕೊಂಡಿಯೂ ಗುಡಿಸೂ ಸೇರಿ 7 ಸಂಕೇತಗಳು, ಅಂದರೆ 21 ಬೈಟುಗಳು. ಹೆಸರಿಗೆ 20ರ ಮಿತಿಯಿಟ್ಟಾಗ ಪೋಸ್ಟ್‌ಗ್ರೆಸ್ ಸಂಕೇತಗಳನ್ನೆಣಿಸಿ ಅವಳಿಗೆ ಸ್ಥಳ ಕೊಡುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಒರೇಕಲ್ ಬೈಟುಗಳನ್ನೆಣಿಸಿ ಆ ಸಾಲನ್ನೇ ತಿರಸ್ಕರಿಸುತ್ತದೆ. ತಿರಸ್ಕೃತ ಸಾಲುಗಳ ಪಟ್ಟಿಯನ್ನು ಯಾರೂ ನೋಡದಿದ್ದರೆ, ಶಾಲೆಯ ದಾಖಲೆಯಿಂದ ಸರಸ್ವತಿ ಮಾಯವಾಗುತ್ತಾಳೆ.

ಆದುದರಿಂದ ಸಾಗಿಸುವ ಮೊದಲು ಪ್ರತಿಯೊಂದು ಕಲಮಿನ ಸ್ವರೂಪವನ್ನೂ ಹೋಲಿಸಿ ನೋಡಬೇಕು. ಸಾಗಿಸಿದ ಮೇಲೆ ಎರಡೂ ಕಡೆಯ ಸಾಲುಗಳನ್ನೆಣಿಸಬೇಕು. ಅಂಕಗಳ ಮೊತ್ತವನ್ನು ತಾಳೆ ನೋಡಬೇಕು. ಒಂದೇ ಪ್ರಶ್ನೆಯನ್ನು ಎರಡು ಕೋಶಗಳಿಗೂ ಹಾಕಿ ಉತ್ತರಗಳನ್ನು ಪರೀಕ್ಷಿಸಬೇಕು. ಎಲ್ಲವೂ ಸರಿಹೊಂದುವ ತನಕ ಹಳೆಯ ಕೋಶವನ್ನು ಅಳಿಸಲಾಗದು. ಕೋಷ್ಟಕದ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆಂಬುದನ್ನು ಯಂತ್ರವು ಅರಿಯದು. ಅದನ್ನು ನಡೆಸುವವರು ಅರಿತಿರಬೇಕು.