ಹತ್ತು ಸಾವಿರದ ಸ್ಟೀರಿಯೊ, ಸಾವಿರ ವಾಟಿನ ಸುಳ್ಳು

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಡ್ಡ ಓಣಿಯಲ್ಲಿರುವ ಆ ರಿಪೇರಿ ಅಂಗಡಿಗೆ ಬೋರ್ಡೂ ಇಲ್ಲ. ಒಂದು ಮೇಜು, ಸೋಲ್ಡರಿಂಗ್ ಐರನ್ನು, ಗೋಡೆಯುದ್ದಕ್ಕೂ ಮುಚ್ಚಳ ಬಿಚ್ಚಿಕೊಂಡು ಕೂತ ಹಳೆಯ ಆಂಪ್ಲಿಫೈಯರ್‌ಗಳು. ಮೊನ್ನೆ ಅಲ್ಲಿಗೆ ಹುಡುಗನೊಬ್ಬ ತಾತನ ಮನೆಯ ಅಟ್ಟದಿಂದ ಇಳಿಸಿದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಆಟೊದಲ್ಲಿ ಹಾಕಿಕೊಂಡು ಬಂದಿದ್ದ. ಮುಂದಿನ ಬಟ್ಟೆ ಕಳಚಿದರೆ ಕೋನಿನ ಅಂಚಿನ ಫೋಮೆಲ್ಲ ಪುಡಿಪುಡಿ.

“ಅಂಕಲ್, ಇದಿನ್ನು ಗುಜರಿಗೇನಾ?”

“ಯಾರಪ್ಪ ಹೇಳಿದ್ದು? ಕಾಯಿಲ್ ನೆಟ್ಟಗಿದ್ರೆ ಇನ್ನೂ ಇಪ್ಪತ್ತು ವರ್ಷ ಹಾಡುತ್ತೆ.”

ರಿಪೇರಿಯವರು ಹತ್ತೂ ಬೆರಳುಗಳನ್ನು ಕೋನಿನ ಮೇಲೆ ಹರಡಿ ಮೆಲ್ಲಗೆ ಒತ್ತಿ ಬಿಟ್ಟರು. ಮತ್ತೊಮ್ಮೆ ಒತ್ತಿ, ಕಿವಿಯನ್ನು ಹತ್ತಿರ ತಂದರು. ಒಳಗೆ ಕರಕರ ಸದ್ದಿಲ್ಲ. ಎಂದರೆ ವಾಯ್ಸ್ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತಿಲ್ಲ. ಆಮೇಲೆ ಡ್ರಾಯರಿನಿಂದ ಒಂದು ಪೆನ್ಸಿಲ್ ಸೆಲ್ ತೆಗೆದು, ಅದರ 1.5 ವೋಲ್ಟನ್ನು ಎರಡು ತುಂಡು ವೈರಿನಲ್ಲಿ ಸ್ಪೀಕರಿನ ಬೆನ್ನಿಗೆ ಒಂದು ಕ್ಷಣ ತಾಗಿಸಿದರು. ಟಕ್. ಕೋನ್ ಹೊರಗೆ ನೆಗೆಯಿತು. ಎರಡನೆಯ ಪೆಟ್ಟಿಗೆಗೂ ಹಾಗೇ ಮಾಡಿದರು. ಈ ಸಲ ಕೋನ್ ಒಳಕ್ಕೆ ಸರಿಯಿತು. ಹಿಂದೆಂದೋ ಬಿಚ್ಚಿದವರು ಒಳಗಿನ ಪ್ಲಸ್–ಮೈನಸ್ ಅದಲುಬದಲು ಮಾಡಿಟ್ಟಿದ್ದರು.

ಇಷ್ಟು ಸಣ್ಣ ತಪ್ಪು ಇಡೀ ಸ್ಟೀರಿಯೊವನ್ನು ಹಾಳುಗೆಡವುತ್ತದೆ. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದು ಹಿಂದಕ್ಕೆಳೆಯುತ್ತದೆ. ತಗ್ಗು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಗಾಯಕನ ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುವುದಿಲ್ಲ. “ನಮ್ಮ ಸೆಟ್ಟಿನಲ್ಲಿ ಬಾಸೇ ಇಲ್ಲ” ಎಂದು ಗೊಣಗಿ ಸಬ್‌ವೂಫರ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಸ್ಪೀಕರಿನ ಹಿಂದಿರುವ ಕೆಂಪು–ಕಪ್ಪು ವೈರನ್ನು. ರಿಪೇರಿಗೆ ಬೇಕಾದದ್ದು ಎರಡು ನಿಮಿಷ, ಖರ್ಚು ಸೊನ್ನೆ.

ಫೋಮಿನದು ಬೇರೆ ಕಥೆ. ಪಾಲಿಯುರಿಥೇನ್ ಫೋಮ್ ನಮ್ಮ ಹವೆಯ ತೇವಕ್ಕೆ ಹತ್ತಿಪ್ಪತ್ತು ವರ್ಷಗಳಲ್ಲಿ ಜೀರ್ಣವಾಗುತ್ತದೆ. ರಬ್ಬರ್ ಅಂಚಿನ ಸ್ಪೀಕರುಗಳು ಇದಕ್ಕಿಂತ ಹೆಚ್ಚು ಬಾಳುತ್ತವೆ. ಹಳೆಯ ಅಂಟನ್ನು ಕೆರೆದು ತೆಗೆದು ಹೊಸ ಉಂಗುರ ಅಂಟಿಸುವುದು ತಾಳ್ಮೆಯ ಕೆಲಸ. ಅಂಟು ಒಣಗುವ ಮುನ್ನ 30 ಹರ್ಟ್ಸ್‌ ಆಸುಪಾಸಿನ ಸ್ವರವೊಂದನ್ನು ಸಣ್ಣಗೆ ಹರಿಸಿ, ಕೋನ್ ಸರಿಯಾಗಿ ನಡುವೆಯೇ ಕೂತಿದೆಯೇ ಎಂದು ನೋಡಿಕೊಳ್ಳುತ್ತಾರೆ. ಕೈ ಪಳಗಿದವರು ಮಾಡಿದರೆ ಹಳೆಯ ಪೆಟ್ಟಿಗೆ ಹೊಸದರ ಬೆಲೆಯ ಸಣ್ಣ ಪಾಲಿಗೆ ಮತ್ತೆ ಹಾಡುತ್ತದೆ.

ಇಂಥ ಪೆಟ್ಟಿಗೆಗಳು ನಮ್ಮ ಅಟ್ಟಗಳಲ್ಲಿ ಇಷ್ಟೊಂದು ಇರುವುದಕ್ಕೆ ಕಾರಣವಿದೆ. 1991ಕ್ಕೆ ಮುಂಚೆ ವಿದೇಶಿ ಆಡಿಯೊ ಸೆಟ್ ಎಂದರೆ ದುಬೈನಿಂದ ಬಂದ ನೆಂಟರ ಸೂಟ್‌ಕೇಸೇ ಗತಿ. ಆಮದು ನಿರ್ಬಂಧದ ಆ ಬೇಲಿಯೊಳಗೆ 1970ರಲ್ಲಿ ಕೋಲ್ಕತ್ತದಲ್ಲಿ ಶುರುವಾದ ಸೋನೊಡೈನ್, ಮುಂಬೈನ ನಾರ್ಜ್, ಕಾಸ್ಮಿಕ್‌ನಂಥ ಕಂಪನಿಗಳು ಮಧ್ಯಮವರ್ಗದ ಕೈಗೆಟಕುವ ಆಂಪ್ಲಿಫೈಯರು, ಸ್ಪೀಕರುಗಳನ್ನು ಮಾಡಿದವು. ಬೆಂಗಳೂರಿನವರಿಗೆ ಬಿಪಿಎಲ್ ಇತ್ತು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಿದ ಭಾವಗೀತೆಗಳ ಕ್ಯಾಸೆಟ್ಟುಗಳು ತಿರುಗಿದ್ದು ಇಂಥ ಸೆಟ್ಟುಗಳಲ್ಲೇ. ಉದಾರೀಕರಣದ ಬಳಿಕ ಬಂದ ಮಿನುಗುದೀಪದ ಮ್ಯೂಸಿಕ್ ಸಿಸ್ಟಂಗಳು ಇವನ್ನು ಅಟ್ಟ ಹತ್ತಿಸಿದವು.

ಅವುಗಳ ಜೊತೆಗೇ ಬಂತು ಪಿಎಂಪಿಒ ಎಂಬ ಮಹಾಸುಳ್ಳು.

‘1000 ವಾಟ್ಸ್ ಪಿಎಂಪಿಒ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಅಂಗೈಯಗಲದ ಕಂಪ್ಯೂಟರ್ ಸ್ಪೀಕರುಗಳನ್ನು ನೋಡದವರಿಲ್ಲ. ‘ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್’ ಎಂಬ ಈ ಅಳತೆಗೆ ಒಪ್ಪಿತ ವ್ಯಾಖ್ಯೆಯಿಲ್ಲ, ಅಳೆಯುವ ನಿಗದಿತ ಕ್ರಮವಿಲ್ಲ. ಸರ್ಕ್ಯೂಟು ಕಣ್ಣುಮಿಟುಕಿಸುವಷ್ಟು ಹೊತ್ತೂ ನಿಲ್ಲಿಸಲಾಗದ ಒಂದು ಕಾಲ್ಪನಿಕ ಶಿಖರವನ್ನು ಹಿಡಿದು, ಎರಡೂ ಚಾನೆಲ್ ಕೂಡಿ, ಮಾರಾಟ ವಿಭಾಗಕ್ಕೆ ಹಿತವೆನಿಸುವ ಸಂಖ್ಯೆ ಬರುವವರೆಗೆ ಗುಣಿಸಿದರೆ ಪಿಎಂಪಿಒ ಸಿದ್ಧ.

ಬಯಲು ಮಾಡುವುದು ಸುಲಭ. ಪೆಟ್ಟಿಗೆ ತಿರುಗಿಸಿ ಬೆನ್ನಿನ ಚೀಟಿ ಓದಬೇಕು. ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 12 ವಾಟ್. ಸಾವಿರ ಹೊರಗೆ ಬರುವುದು ಎಲ್ಲಿಂದ? ಸಾವಿರ ವಾಟ್ ಎಂದರೆ ಒಂದು ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು ಕರೆಂಟು. ಅದನ್ನು ನಿಜವಾಗಿ ಕೊಟ್ಟರೆ ಆ ಪುಟ್ಟ ಸ್ಪೀಕರಿನ ಕಾಯಿಲ್ ಹೊಗೆಯಾಗುತ್ತದೆ. ಅಮೆರಿಕದಲ್ಲಿ ಇಂಥ ವಾಟಿನಾಟ ಮಿತಿಮೀರಿದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ತಂದಿತು. ನಿರಂತರ ಶಕ್ತಿ ಎಷ್ಟು, ಎಷ್ಟು ಓಮ್ ಸ್ಪೀಕರಿಗೆ, ಯಾವ ಕಂಪನಾಂಕಗಳ ವ್ಯಾಪ್ತಿಯಲ್ಲಿ, ಎಷ್ಟು ವಿಕೃತಿಯೊಡನೆ ಎಂದು ಕಂಪನಿಯೇ ಹೇಳಬೇಕು. 2024ರಲ್ಲಿ ಅದನ್ನು ಮತ್ತಷ್ಟು ಬಿಗಿ ಮಾಡಿದರು. ನಮ್ಮಲ್ಲಿ ಆ ಎಚ್ಚರ ಗ್ರಾಹಕನದೇ. ಅಂಗಡಿಯಲ್ಲಿ ಈ ನಿರಂತರ ಶಕ್ತಿಯ ಬಗ್ಗೆ ಕೇಳಬೇಕಾದದ್ದು ಒಂದೇ ಮಾತು: “ಆರ್‌ಎಂಎಸ್ ಎಷ್ಟು?” ಉತ್ತರ ಬಾರದಿದ್ದರೆ ಮುಂದಿನ ಅಂಗಡಿ.

ಅಷ್ಟಕ್ಕೂ ಮನೆಗೆ ಎಷ್ಟು ವಾಟ್ ಬೇಕು? ಸಾಧಾರಣ ಪುಸ್ತಕಕಪಾಟಿನ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 86ರಿಂದ 88 ಡೆಸಿಬೆಲ್ ಸದ್ದು ಕೊಡುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟಲು ಅದು ಸಾಕು. ಸದ್ದು 3 ಡೆಸಿಬೆಲ್ ಏರಬೇಕೆಂದರೆ ಶಕ್ತಿ ಇಮ್ಮಡಿಯಾಗಬೇಕು. ಹಾಗಾಗಿ 86ರ ಬದಲು 89ರ ಸ್ಪೀಕರ್ ಆರಿಸಿಕೊಂಡವರು ಪುಕ್ಕಟೆಯಾಗಿ ಎರಡು ಪಟ್ಟು ಆಂಪ್ಲಿಫೈಯರ್ ಕೊಂಡಂತೆಯೇ ಲೆಕ್ಕ. ನಿಜವಾದ 20 ವಾಟ್ ಇದ್ದರೆ ಹತ್ತಡಿ–ಹನ್ನೆರಡಡಿ ಕೋಣೆಗೆ ಧಾರಾಳ.

ಆ 20 ವಾಟ್ ಈಗ ಅಗ್ಗವಾಗಿದೆ. ಓಣಿಯ ಅಂಗಡಿಯಲ್ಲಿ ಹುಡುಗನ ಸ್ಪೀಕರಿಗೆ ಜೋಡಿಸಿದ್ದು ಅಂಗೈಯಲ್ಲಿ ಹಿಡಿಯುವ ಕ್ಲಾಸ್–ಡಿ ಆಂಪ್ಲಿಫೈಯರ್ ಬೋರ್ಡು. ಅದರ ಮೇಲಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಚಿಪ್. ಬೋರ್ಡಿನ ಬೆಲೆ ನೂರುಗಳಲ್ಲಿ. ಕರೆಂಟಿಗೆ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರು! ಈ ಚಿಪ್ 4.5ರಿಂದ 26 ವೋಲ್ಟ್‌ವರೆಗೆ ನುಂಗುತ್ತದೆ. 12 ವೋಲ್ಟ್ ಕೊಟ್ಟರೆ 8 ಓಮ್ ಸ್ಪೀಕರಿಗೆ ಚಾನೆಲ್‌ಗೆ 9 ವಾಟ್ ದಾಟುವುದು ಕಷ್ಟ, 19 ಕೊಟ್ಟರೆ 20ರ ಹತ್ತಿರ. ಇದೇ ಗಾತ್ರದ, ಇನ್ನೂ ಅಗ್ಗದ ಪಿಎಎಂ 8403 ಬೋರ್ಡಿನ ತಂಟೆಗೆ ಹೋಗಬಾರದು. ಅದು 5 ವೋಲ್ಟಿನ ಆಟಿಕೆ, ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದರೆ ಅಲ್ಲೇ ಸುಟ್ಟುಹೋಗುತ್ತದೆ.

ಕ್ಲಾಸ್–ಡಿ ಎಂದರೆ ಒಂದು ಕಾಲಕ್ಕೆ ಸಂಗೀತಪ್ರಿಯರು ಮೂಗು ಮುರಿಯುತ್ತಿದ್ದರು. ಆ ಮೂಗನ್ನು ನೆಟ್ಟಗೆ ಮಾಡಿದ್ದು ಆದ್ಯ ತ್ರಿಪಾಠಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಟ್ರೈಪಾಥ್ ಕಂಪನಿ. ಅದರ 1998ರ ಟಿಎ 2020 ಚಿಪ್ಪನ್ನು ಐಇಇಇ ಸ್ಪೆಕ್ಟ್ರಮ್ ಪತ್ರಿಕೆ 2009ರಲ್ಲಿ ಜಗತ್ತನ್ನು ಅಲುಗಿಸಿದ 25 ಮೈಕ್ರೊಚಿಪ್‌ಗಳ ಸಾಲಿಗೆ ಸೇರಿಸಿತು. ಅದರ ತಮ್ಮ ಟಿಎ 2024 ಕೂತಿದ್ದ ‘ಟಿ–ಆಂಪ್’ ಎಂಬ ಪ್ಲಾಸ್ಟಿಕ್ ಡಬ್ಬಿ ಪೆನ್ಸಿಲ್ ಸೆಲ್ಲಿನಲ್ಲೂ ಓಡುತ್ತಿತ್ತು. ನಲವತ್ತು ಡಾಲರಿನೊಳಗಿನ ಆ ಡಬ್ಬಿ ಲಕ್ಷಗಟ್ಟಲೆ ಸುರಿದವರನ್ನು ಪೆಚ್ಚಾಗಿಸಿತು. ಆ ಪಟ್ಟಿ ಬರುವ ಹೊತ್ತಿಗೆ ಕಂಪನಿಯೇ ಇರಲಿಲ್ಲ, 2007ರಲ್ಲಿ ದಿವಾಳಿಯಾಗಿತ್ತು.

ಓಣಿಯ ಅಂಗಡಿಯಲ್ಲಿ ಪರೀಕ್ಷೆಗೆ ಹಾಕಿದ್ದು ಪಿ.ಬಿ. ಶ್ರೀನಿವಾಸ್ ಹಾಡಿದ ಅರವತ್ತರ ದಶಕದ ಚಿತ್ರಗೀತೆ. ಸ್ಟೀರಿಯೊ ಪರೀಕ್ಷೆಗೆ ಮೋನೊ ಹಾಡೇ ಎಂದು ಹುಡುಗ ನಕ್ಕ. ರಿಪೇರಿಯವರ ತರ್ಕ ಪಕ್ಕಾ ಆಗಿತ್ತು. ಮೋನೊ ಹಾಡಿನಲ್ಲಿ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಸದ್ದು. ಎಲ್ಲವೂ ಸರಿಯಿದ್ದರೆ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ನಿಲ್ಲಬೇಕು. ನಿಂತಿತು. ಹುಡುಗ ಎದ್ದು ಹೋಗಿ ನಡುವಿನ ಗೋಡೆಯನ್ನು ಮುಟ್ಟಿ ನೋಡಿದ.

ಹತ್ತು ಸಾವಿರ ರೂಪಾಯಿ ಹಿಡಿದು ಹೊರಟವರು ಹೀಗೆ ಹಂಚಿಕೊಳ್ಳಬಹುದು: ಐದೂವರೆ–ಆರು ಸಾವಿರ ಸ್ಪೀಕರಿಗೆ, ಹಳೆಯದಾದರೂ ಚಿಂತೆಯಿಲ್ಲ, ಬೋರ್ಡು, ಚಾರ್ಜರು, ಒಂದು ಡಬ್ಬಿ ಸೇರಿ ಎರಡು ಸಾವಿರ, ಫೋನಿಗೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್‌ಗೆ ಸಾವಿರದ ಆಸುಪಾಸು. ಸಿ.ಡಿ.ಗಳಿದ್ದವರಿಗೆ ಮೂಲೆಗೆ ಬಿದ್ದ ಡಿವಿಡಿ ಪ್ಲೇಯರೇ ಒಳ್ಳೆಯ ಸಿ.ಡಿ. ಪ್ಲೇಯರು. ವೈರಿಗೆ ದುಡ್ಡು ಸುರಿಯಬೇಕಾಗಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಐದು ಮೀಟರ್ ಹೋಗಿ ಬಂದರೂ ರೋಧ ಸುಮಾರು 0.12 ಓಮ್. 8 ಓಮ್ ಸ್ಪೀಕರಿನೆದುರು ಅದು ಲೆಕ್ಕಕ್ಕಿಲ್ಲ. ಬಂಗಾರದ ಲೇಪದ ಕೇಬಲ್ ಮಾರುವವರ ಮಾತಿಗೆ ತಲೆಯಾಡಿಸಿ ಎದ್ದು ಬರಬಹುದು.

ಉಳಿದ ಪುಡಿಗಾಸು ಕೋಣೆಗೆ. ಎರಡು ಸ್ಪೀಕರು ಮತ್ತು ಕೇಳುವವರ ಕುರ್ಚಿ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಎರಡು ಗಟ್ಟಿ ಸ್ಟೂಲು ಸಾಕು. ಮೂಲೆಗೆ ತಳ್ಳಿದರೆ ಬಾಸ್ ಉಬ್ಬಿ ಮಾತು ಮಬ್ಬಾಗುತ್ತದೆ. ನಮ್ಮ ಮನೆಗಳ ಹೊಳಪು ಟೈಲ್ಸ್ ನೆಲ ಸದ್ದನ್ನು ಹಾಗೇ ವಾಪಸು ಎಸೆಯುತ್ತದೆ. ಸ್ಪೀಕರುಗಳ ಮುಂದೆ ಜಮಖಾನವೊಂದನ್ನು ಹಾಸಿದರೆ ಆಗುವ ಸುಧಾರಣೆ ಯಾವ ಹೊಸ ಆಂಪ್ಲಿಫೈಯರಿಗೂ ಕಡಿಮೆಯಲ್ಲ.

ಹಳೆಯ ಸ್ಪೀಕರ್ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಪೆನ್ಸಿಲ್ ಸೆಲ್ಲು, ಫೋನಿನಲ್ಲಿ ಬಾಯಿಪಾಠವಿರುವ ಒಂದು ಹಾಡು ಇಟ್ಟುಕೊಳ್ಳಿ. ಎಸ್‌.ಪಿ. ರಸ್ತೆಗೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣ ಹತ್ತಿರ; ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದು ವ್ಯರ್ಥ. ಭಾನುವಾರ ಬಹುತೇಕ ಅಂಗಡಿಗಳಿಗೆ ರಜೆ.